ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡ್ಸೋದಾ ಬ್ಯಾಡ್ವಾ? 1 ಲಕ್ಷದ 80 ಸಾವಿರ ಇದೆ, ಗೊತ್ತಿರೋರು ಹೇಳಿ

ತೋಟದಮನೆ
ಎಲ್ರಿಗೂ ನಮಸ್ಕಾರ. ನಮ್ದು ಹೊಸನಗರ ತಾಲೂಕು, ನಗರದ ಹತ್ರ ಒಂದು ಹಳ್ಳಿ. ನಾವೆಲ್ಲ ಓದಿದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಈ ವರ್ಷ 75 ತುಂಬ್ತು, ಹಳೇ ವಿದ್ಯಾರ್ಥಿಗಳು ಸೇರ್ಕಂಡು ದುಡ್ಡು ಎತ್ತಿದ್ವಿ, ಊಟ ಶಾಮಿಯಾನ ಯಕ್ಷಗಾನ ಎಲ್ಲಾ ಖರ್ಚು ಕಳ್ದು 1 ಲಕ್ಷದ 80 ಸಾವಿರ ಉಳ್ದಿದೆ. ಶಾಲೇಲಿ ಈಗ 1ರಿಂದ 7ರ ತನಕ ಬರೀ 31 ಮಕ್ಕಳು, ಖಾಯಂ ಟೀಚರ್ ಇಬ್ರು, ಅತಿಥಿ ಶಿಕ್ಷಕಿ ಒಬ್ರು. ನಮ್ ಕಾಲದಲ್ಲಿ ನೂರೈವತ್ತರ ಮೇಲೆ ಇದ್ವಿ. ಈಗ ಬೆಳಿಗ್ಗೆ ಎಂಟಕ್ಕೆ ಇಂಗ್ಲಿಷ್ ಮೀಡಿಯಂ ವ್ಯಾನ್ ಬಂದು ಅರ್ಧ ಊರಿನ ಮಕ್ಕಳನ್ನ ತುಂಬ್ಕಂಡು ಹೋಗ್ತದೆ.

ಮೊನ್ನೆ ಒಬ್ರು ಡೀಲರ್ 65 ಇಂಚಿನ ಟಚ್ ಬೋರ್ಡ್ ತಂದು ಡೆಮೋ ಕೊಟ್ರು. ಹೃದಯದ ಚಿತ್ರಕ್ಕೆ ಬೆರಳಿಟ್ರೆ ಲಬ್ ಡಬ್ ಅಂತ ಬಡಿಯುತ್ತೆ, ಎರಡೇ ಬೆರಳಲ್ಲಿ ಎಳೆದ್ರೆ ಒಳಗಿನ ಕವಾಟ ಎಲ್ಲ ಕಾಣ್ಸುತ್ತೆ. ಮಕ್ಕಳು ಕೂಗಿದ್ದೇ ಕೂಗಿದ್ದು. ಮಧ್ಯ ಕರೆಂಟ್ ಹೋತು, ಆಗ್ಲೂ ಹೋ ಅಂತ ಕೂಗಿದ್ವು, ಅದು ಬೇರೆ ವಿಷ್ಯ. ಕೊಟೇಷನ್ 1 ಲಕ್ಷದ 35 ಸಾವಿರ. ಎಸ್‌ಡಿಎಂಸಿ (ಶಾಲೆ ಸಮಿತಿ) ಅವರು ಅರ್ಧ ಜನ ತಗಳಿ ಅಂತಾರೆ, ಅರ್ಧ ಜನ ಮೊದ್ಲು ಮಾಡಿನ ಹಂಚು ಕೈಯಾಡ್ಸಿ ಸರಿ ಮಾಡ್ಸಿ ಅಂತಾರೆ. ನಂಗೆ ತಲೆ ಕೆಟ್ಟು ಇಲ್ಲಿ ಕೇಳ್ತಾ ಇದೀನಿ.

ಬೆಂಗ್ಳೂರ್_ಮಲ್ನಾಡಿಗ
ತಗಳಿ ಅಣ್ಣ, ಯೋಚ್ನೆನೇ ಮಾಡ್ಬೇಡಿ. ನಾನೂ ಅಂಥದ್ದೇ ಶಾಲೇಲಿ ಓದಿ ಬಂದವ್ನು, ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು ಪಿಯುಸಿಗೆ ಶಿವಮೊಗ್ಗಕ್ಕೆ ಬಂದ್ಮೇಲೆ, ಪಕ್ಕದವ್ನು ಮೌಸ್ ಹಿಡಿದಿದ್ದು ನೋಡ್ಕಂಡು ನಾನೂ ಹಿಡಿದೆ, ಆ ನಾಚಿಕೆ ಇನ್ನೂ ಹೋಗಿಲ್ಲ. ವ್ಯಾನ್ ಹತ್ತೋ ಮಕ್ಕಳಿಗೆ ಸಿಗೋದು ನಮ್ಮೂರ ಮಕ್ಕಳಿಗೂ ಸಿಗ್ಲಿ. ಬೋರ್ಡ್ ಇದೆ ಅಂತ ಗೊತ್ತಾದ್ರೆ ನಾಲ್ಕು ಅಡ್ಮಿಷನ್ ಆದ್ರೂ ಜಾಸ್ತಿ ಆಗುತ್ತೆ ನೋಡಿ.

ಇಂಬಳ
ನಾಲ್ಕು ಅಡ್ಮಿಷನ್ ಆಗುತ್ತೆ, ಮಳೆಗಾಲದಲ್ಲಿ ಬೋರ್ಡ್ ಕೆಟ್ಟೋಗುತ್ತೆ, ನಾಲ್ಕು ಟಿಸಿ ಹೋಗುತ್ತೆ 😄

ವೈರ್‌ಮನ್_ಕೆಲ್ಸ
ನಗಬೇಡಿ, ಇಂಬಳ ಹೇಳಿದ್ದು ನಿಜಾನೇ. ತೀರ್ಥಹಳ್ಳಿ ಹೊಸನಗರ ಸುತ್ತಮುತ್ತ ಶಾಲೆಗಳಲ್ಲಿ ನಾನೇ ವೈರಿಂಗ್ ರಿಪೇರಿ ಮಾಡಿದ್ದೀನಿ. ಸುಟ್ಟು ಹೋದ ಟಿವಿ, ಪ್ರೊಜೆಕ್ಟರ್, ಕಂಪ್ಯೂಟರ್ ಎಷ್ಟು ನೋಡಿದ್ದೀನೋ ಲೆಕ್ಕ ಇಟ್ಟಿಲ್ಲ. ಸುಡೋದು ಯಾವಾಗ ಗೊತ್ತಾ, ಆರಿದ್ರೆ ಪುನರ್ವಸು ಹಿಡಿದು ಹೊಡಿಯೋವಾಗ ಅಲ್ಲ, ಭರಣಿ ಕೃತ್ತಿಕೆ ಮಳೇಲಿ. ಗುಡುಗು ಸಿಡಿಲು ಜೋರು ಇರೋದೇ ಆಗ, ಶಾಲೆಗೆ ರಜ, ಪ್ಲಗ್ ಎಳೆಯೋರು ಯಾರೂ ಇಲ್ಲ. ಸಿಡಿಲು ಶಾಲೆ ಮೇಲೇ ಬೀಳ್ಬೇಕು ಅಂತಿಲ್ಲ, ಎಲ್ಲೋ ಲೈನಿಗೆ ಬಿದ್ರೆ ತಂತೀಲೇ ಓಡಿ ಬರುತ್ತೆ. ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ, ಪ್ಲಗ್ಗೇ ತೆಗೀಬೇಕು, ಡಿಶ್ ಕೇಬಲ್ ಇದ್ರೆ ಅದನ್ನೂ ತೆಗೀಬೇಕು.

ಇನ್ನೊಂದು, ಹಳೇ ಶಾಲೆಗಳಲ್ಲಿ ಅರ್ಥಿಂಗ್ ಅಂತ ಇರೋದು ಬರೀ ಹೆಸರಿಗೆ. ಮೂರು ಪಿನ್ ಸಾಕೆಟ್ ಇರುತ್ತೆ, ಮೂರನೇ ಪಿನ್‌ಗೆ ವೈರೇ ಕೊಟ್ಟಿರಲ್ಲ. ಹೊಸನಗರ ಕಡೆ ಒಂದು ಶಾಲೇಲಿ ವೈರ್ ಕೊಟ್ಟಿದ್ರು, ಅದನ್ನ ಹಿಡ್ಕಂಡು ಹೊರಗೆ ಹೋಗಿ ನೋಡಿದ್ರೆ ದಾಸವಾಳದ ಬುಡದಲ್ಲಿ ಗೇಣುದ್ದ ಕಬ್ಬಿಣದ ಸರಳಿಗೆ ಸುತ್ತಿ ಬಿಟ್ಟಿದ್ರು. ನಮ್ದು ಜಂಬಿಟ್ಟಿಗೆ ನೆಲ ಬೇರೆ, ಬೇಸಿಗೇಲಿ ಒಣಗಿ ಕಲ್ಲಾಗುತ್ತೆ, ಅಂಥ ನೆಲದಲ್ಲಿ ಗೇಣುದ್ದ ಸರಳು ಇದ್ರೂ ಒಂದೇ ಇಲ್ದಿದ್ರೂ ಒಂದೇ. ಬೋರ್ಡ್ ತಗಳಿ ಬಿಡಿ ನಂಗೇನು, ಅರ್ಥಿಂಗ್ ಮಾಡ್ಸಿ.

ತೋಟದಮನೆ
ನಾಳೆನೇ ಹೋಗಿ ನೋಡ್ತೀನಿ ಮೂರನೇ ಪಿನ್.

ಟೀಚರಕ್ಕ
ನಾನು ಸಾಗರ ತಾಲೂಕಲ್ಲಿ ಸರ್ಕಾರಿ ಶಾಲೆ ಟೀಚರ್, 19 ವರ್ಷ ಸರ್ವಿಸ್. ಬೋರ್ಡ್ ತಗೊಳೋಕ್ಕೂ ಮುಂಚೆ ಅದನ್ನ ಯಾರು ಯಾವಾಗ ಆನ್ ಮಾಡ್ತಾರೆ ಅಂತ ಯೋಚ್ನೆ ಮಾಡಿ. ನನ್ನ ದಿನ ಹೇಳ್ತೀನಿ ಕೇಳಿ. ಹೋದ ತಕ್ಷಣ ಹಾಲು, ಆಮೇಲೆ ಊಟದ ಲೆಕ್ಕ, ಮೊಟ್ಟೆ ಎಷ್ಟು ಬಾಳೆಹಣ್ಣು ಎಷ್ಟು ಅಂತ ಎಂಟ್ರಿ, ಎಸ್‌ಎಟಿಎಸ್, ಯು-ಡೈಸ್ (ಮಕ್ಕಳ, ಶಾಲೆ ಮಾಹಿತಿ ತುಂಬೋ ಸರ್ಕಾರಿ ಆನ್‌ಲೈನ್ ದಾಖಲೆ), ಈಗ ಅಪಾರ್ ಅನ್ನೋ ವಿದ್ಯಾರ್ಥಿ ಐಡಿ. ಅಪಾರ್‌ಗೆ ಆಧಾರ್ ಹೆಸರೂ ಶಾಲೆ ದಾಖಲೆ ಹೆಸರೂ ಒಂದೇ ಇರ್ಬೇಕು. ನಮ್ಮ ಒಂದು ಮಗುಗೆ ದಾಖಲೇಲಿ ಅಪ್ಪನ ಹೆಸರು ಇನಿಶಿಯಲ್ಲಾಗಿ ಹಿಂದಿದೆ, ಆಧಾರಲ್ಲಿ ಪೂರ್ತಿಯಾಗಿ ಮುಂದಿದೆ, ಜನ್ಮ ಪತ್ರದಲ್ಲಿ ಮನೆತನದ ಹೆಸರೂ ಸೇರಿದೆ. ಮೂರು ಹೆಸರಿನ ಆ ಮಗು ಒಂದನೇ ಕ್ಲಾಸಲ್ಲಿ ಕೂತ್ಕಂಡು ಅ ಆ ತಿದ್ತಾ ಇದೆ ಪಾಪ, ಅದ್ಕೇನು ಗೊತ್ತು. ಅವ್ರಪ್ಪ ಎರಡು ದಿನ ಕೂಲಿ ಬಿಟ್ಟು ಆಧಾರ್ ಸೆಂಟರಿಗೆ ಅಲೆದ್ರು.

ಡಿಜಿಟಲ್ ಅಂದಾಗ ಎಲ್ರೂ ಮಕ್ಕಳ ಮುಂದೆ ಇರೋ ಸ್ಕ್ರೀನ್ ನೆನೆಸ್ಕೋತಾರೆ, ನಿಜಕ್ಕೂ ಜಾಸ್ತಿ ಬದಲಾಗಿದ್ದು ಮೇಷ್ಟ್ರ ಕೈಲಿರೋ ಸ್ಕ್ರೀನ್. ಮೊದ್ಲು ರಿಜಿಸ್ಟರ್ ತಿಂಗಳಿಗೊಂದ್ಸಲ ಕೇಳ್ತಿದ್ರು, ಈಗ ದಿನಾ ಮಧ್ಯಾಹ್ನದೊಳಗೆ.

ಬೆಂಗ್ಳೂರ್_ಮಲ್ನಾಡಿಗ
ಅಕ್ಕ ಒಪ್ತೀನಿ, ಆದ್ರೆ ಅದ್ಕೇ ಬೋರ್ಡ್ ಬೇಕು ಅಲ್ವಾ? ನೀವು ಎಂಟ್ರಿ ಮಾಡೋ ಹೊತ್ತಲ್ಲಿ ಮಕ್ಕಳು ವಿಡಿಯೋ ನೋಡ್ಕಂಡು ಕಲೀತಾವೆ.

ಟೀಚರಕ್ಕ
ತಮ್ಮಾ, ಅದನ್ನ ಕಲಿಯೋದು ಅನ್ನಲ್ಲ, ಕೂರ್ಸೋದು ಅಂತಾರೆ.

ಕರೂರು_ಹುಡ್ಗಿ
ಟೀಚರಕ್ಕ 👏. ನಾನು ಬಿಎಡ್ ಓದ್ತಾ ಇದೀನಿ, ಮನೆ ಶರಾವತಿ ಹಿನ್ನೀರಿನ ಆಚೆ. ನಮ್ಮ ಅಜ್ಜನ ಮನೆ ಗದ್ದೆ ಎಲ್ಲ ಲಿಂಗನಮಕ್ಕಿಗೆ ಮುಳುಗಿದ್ದು 1964ರಲ್ಲಿ, ನಾಡಿಗೆಲ್ಲ ಕರೆಂಟ್ ಕೊಟ್ಟು ನಮ್ಮೋರು ವರ್ಷಗಟ್ಟಲೆ ಬುಡ್ಡಿ ದೀಪದಲ್ಲೇ ಓದಿದ್ರು ಅಂತ ಅಜ್ಜಿ ಹೇಳ್ತಿದ್ರು. ಸಿಗಂದೂರು ಸೇತುವೆ ಆಗಿದ್ದೇ 2025ರ ಜುಲೈಯಲ್ಲಿ, ಅಲ್ಲಿ ತನಕ ಲಾಂಚೇ ಗತಿ.

2020ರಲ್ಲಿ ಲಾಕ್‌ಡೌನ್ ಆದಾಗ ನಾನು ಹತ್ತನೇ ಕ್ಲಾಸಿಗೆ ಕಾಲಿಟ್ಟಿದ್ದೆ. ಮನೇಲಿ ನೆಟ್‌ವರ್ಕ್ ಇಲ್ಲ. ಗುಡ್ಡದ ಮೇಲೆ ಒಂದು ಹೊನ್ನೆ ಮರ, ಅದರ ಬುಡದಲ್ಲಿ ಎರಡು ಕಡ್ಡಿ ಸಿಗ್ನಲ್ ಬರ್ತಿತ್ತು. ಅಪ್ಪ ನಾಲ್ಕು ಗೂಟ ಹೊಡ್ದು ತಾಡಪಾಲು ಕಟ್ಟಿ ಕೊಟ್ರು. ನಾವು ಐದು ಜನ, ಮೂರು ಫೋನು. ಕೂತ್ರೆ ಕಾಲಿಗೆ ಇಂಬಳ, ಅಂದ್ರೆ ಜಿಗಣೆ (ಹೆಸರಿನವ್ರು ಬೇಜಾರಾಗ್ಬೇಡಿ), ಅದನ್ನ ಬಿಡ್ಸೋಕೆ ಒಂದು ಕೈಯಲ್ಲಿ ಸುಣ್ಣದ ಡಬ್ಬಿ ಒಂದು ಕೈಯಲ್ಲಿ ಫೋನು. ಸರ್ ಬೀಜಗಣಿತ ಹೇಳ್ತಾ ಇರೋರು, ಬರೀ ಎ ಪ್ಲಸ್ ಬಿ ಅಂತ ಕೇಳೋದು, ಹೋಲ್ ಸ್ಕ್ವೇರ್ ಅನ್ನೋ ಹೊತ್ತಿಗೆ ಕಟ್. ಮುಂದಿನ ವರ್ಷ ಸುಳ್ಯದ ಕಡೆ ಅಪ್ಪ ಕೊಡೆ ಹಿಡಿದು ನಿಂತಿದ್ದು ಮಗಳು ಕ್ಲಾಸ್ ಕೇಳ್ತಿದ್ದ ಫೋಟೋ ಎಲ್ಲಾ ಕಡೆ ಓಡಾಡ್ತು ನೋಡಿ, ಎಲ್ರೂ ಅಯ್ಯೋ ಅಂದ್ರು, ನಮ್ಮನೇಲಿ ಯಾರೂ ಅಯ್ಯೋ ಅನ್ಲಿಲ್ಲ, ಅದ್ರಲ್ಲಿ ಹೊಸದೇನಿದೆ ಅಂತ ಕೇಳಿದ್ರು.

ಚಂದನದಲ್ಲಿ ಸಂವೇದ ಪಾಠ ಬರ್ತಿತ್ತು, ಅದು ಎಷ್ಟೋ ವಾಸಿ, ಡಿಶ್ ಇದ್ದ ಮನೇಲಿ ಕೂತು ನೋಡ್ತಿದ್ವಿ. ನಂಗೆ ನಿಜಕ್ಕೂ ಗಣಿತ ಹತ್ತಿದ್ದು ಮೇಷ್ಟ್ರು ಖುದ್ದು ಬಂದು ದೇವಸ್ಥಾನದ ಜಗಲೀಲಿ ಕೂರ್ಸಿ ಹೇಳ್ಕೊಟ್ಟಾಗ. 2021ರ ಎಸ್ಸೆಸ್ಸೆಲ್ಸಿ ಎರಡೇ ದಿನ ಇತ್ತಲ್ಲ, ಜುಲೈ 19, 22, ಬರೀ ಟಿಕ್ ಹಾಕೋದು, ಆ ಬ್ಯಾಚು ನಾನು. ಪಾಸಾದ್ವಿ ಬಿಡಿ.

ಕೊಪ್ಪದ_ಸೊಸೆ
ವಿದ್ಯಾಗಮ ಅದು, ಮೇಷ್ಟ್ರೇ ಊರಿಗೆ ಬಂದು ಪಾಠ ಮಾಡೋದು. ನಮ್ಮ ಮನೆ ಅಡಿಕೆ ಅಂಗಳದಲ್ಲೂ ನಡೀತು. ಅಕ್ಟೋಬರಲ್ಲಿ ಸೋಂಕು ಹರಡ್ತು ಅಂತ ನಿಲ್ಲಿಸ್ಬಿಟ್ರು, ಮತ್ತೆ ಶುರು ಆಗಿದ್ದು ಹೊಸ ವರ್ಷಕ್ಕೆ.

ನನ್ನ ಕಷ್ಟ ಬೇರೆ. ಕೊರೊನಾಗೆ ಅಂತ ಮಗನಿಗೆ ಕೈಗೆ ಫೋನ್ ಕೊಟ್ವಿ, ಕೊರೊನಾ ಹೋತು ಫೋನ್ ವಾಪಸ್ ಬರ್ಲಿಲ್ಲ. ಹೋಮ್‌ವರ್ಕ್ ಎಲ್ಲಾ ವಾಟ್ಸಾಪ್ ಗ್ರೂಪಿಗೇ ಹಾಕ್ತಾರೆ, ಕೊಡಲ್ಲ ಅನ್ನಂಗೂ ಇಲ್ಲ. ಅವ್ನು ಲೆಕ್ಕದ ಫೋಟೋ ಹೊಡೀತಾನೆ, ಉತ್ರ ಬರುತ್ತೆ, ಅದನ್ನ ಪುಸ್ತಕಕ್ಕೆ ಇಳಿಸ್ತಾನೆ, ಆ ಪುಟದ ಫೋಟೋ ಹೊಡ್ದು ಗ್ರೂಪಿಗೆ ಹಾಕ್ತಾನೆ, ಮಿಸ್ ಹೆಬ್ಬೆಟ್ಟು ಒತ್ತುತ್ತಾರೆ. ಫೋನಿಂದ ಫೋನಿಗೆ ಲೆಕ್ಕ ಹೋತು, ಮಧ್ಯ ನನ್ನ ಮಗ ಪೋಸ್ಟ್‌ಮ್ಯಾನ್.

ಇಂಬಳ
ಪೋಸ್ಟ್‌ಮ್ಯಾನಿಗೆ ಸಂಬಳ ಆದ್ರೂ ಬರುತ್ತೆ ಅಕ್ಕ.

ಟೀಚರಕ್ಕ
ಅಯ್ಯೋ ಇದು ಕೇಳಿ. ನಮ್ಮ ಏಳನೇ ಕ್ಲಾಸಿಗೆ ಕೆಳದಿ ಅರಸರ ಮೇಲೆ ಪ್ರಾಜೆಕ್ಟ್ ಕೊಟ್ಟೆ. ನಮ್ಮ ಶಾಲೆಯಿಂದ ಅವ್ರು ಕಟ್ಸಿದ ಇಕ್ಕೇರಿ ದೇವಸ್ಥಾನಕ್ಕೆ ಸೈಕಲ್ಲಲ್ಲಿ ಹೋಗ್ಬಹುದು. ಹನ್ನೊಂದು ಮಕ್ಕಳು, ಹನ್ನೊಂದು ಪ್ರಬಂಧ, ಎಂಟರಲ್ಲಿ ಮೊದಲ ಸಾಲು ಒಂದೇ. ಎಐಗೆ ಕೇಳಿ ಬರ್ದಿದ್ದು, ಅದು ಸರಿ, ಬರೀಲಿ. ಮೂರು ಮಕ್ಕಳು ಕೆಳದಿ ಚೆನ್ನಮ್ಮ ಬ್ರಿಟಿಷರ ವಿರುದ್ಧ ಹೋರಾಡಿದಳು ಅಂತ ಬರ್ಕಂಡು ಬಂದಿದ್ವು. ಬ್ರಿಟಿಷರ ಮೇಲೆ ಬಿದ್ದಿದ್ದು ಕಿತ್ತೂರು ಚೆನ್ನಮ್ಮ, 1824ರಲ್ಲಿ. ನಮ್ಮ ಚೆನ್ನಮ್ಮ ಅದಕ್ಕಿಂತ ನೂರು ವರ್ಷಕ್ಕೂ ಹಿಂದಿನವಳು, ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯ ಎದುರಿಸಿದವಳು. ಎರಡೂ ಚೆನ್ನಮ್ಮನ್ನ ಕಲಸಿ ಒಂದು ಮುದ್ದೆ ಮಾಡಿ ಕೊಟ್ಟಿದೆ, ಅದೂ ಎಂಥ ಚಂದದ ಕನ್ನಡದಲ್ಲಿ ಅಂತೀರಿ, ಒಂದು ಕಾಗುಣಿತ ತಪ್ಪಿಲ್ಲ! ಮಕ್ಕಳು ತಾವೇ ಬರ್ದಿದ್ರೆ ಕಾಗುಣಿತ ತಪ್ಪಿರೋದು ಚೆನ್ನಮ್ಮ ಸರಿ ಇರೋಳು.

ಬೈಲಿಲ್ಲ ನಾನು. ಮಾರನೇ ದಿನ ಎಂಟೂ ಕಾಪಿ ಅವ್ರ ಕೈಗೇ ಕೊಟ್ಟು, ಪಾಠದ ಪುಸ್ತಕ ಪಕ್ಕದಲ್ಲಿಟ್ಟು, ತಪ್ಪು ಹುಡುಕಿ ಕೆಂಪಲ್ಲಿ ಗೀಟು ಹಾಕಿ ಅಂದೆ. ಹುಡುಕಿದ್ವು ನೋಡಿ, ಮೇಷ್ಟ್ರ ತಪ್ಪು ಹಿಡ್ದಷ್ಟು ಖುಷಿ. ಒಬ್ಳು ಹುಡುಗಿ, ಓದೋದ್ರಲ್ಲಿ ಹಿಂದೆ ಅವ್ಳು, ಮಿಸ್ ಇದು ಗೊತ್ತಿಲ್ದೆ ಇದ್ರೂ ಗೊತ್ತಿದ್ದಂಗೆ ಹೇಳ್ತದೆ ಅಲ್ವಾ ಅಂದ್ಳು. ಆ ಪೀರಿಯಡ್ಡು ನನ್ನ 19 ವರ್ಷದಲ್ಲೇ ಒಳ್ಳೇ ಪೀರಿಯಡ್ಡುಗಳಲ್ಲಿ ಒಂದು.

ಬೆಂಗ್ಳೂರ್_ಮಲ್ನಾಡಿಗ
ಸೂಪರ್ ಅಕ್ಕ. ಆದ್ರೂ ನೀವೆಲ್ಲ ಟೆಕ್ನಾಲಜಿ ಅಂದ್ರೆ ಬರೀ ತೊಂದ್ರೆ ಅಂತ ಮಾಡ್ಬಿಟ್ರಿ. ಚೆನ್ನಾಗಿ ಕೆಲ್ಸ ಮಾಡಿದ್ದೂ ಇದೆ. ದೆಹಲಿಯಲ್ಲಿ 6ರಿಂದ 9ನೇ ಕ್ಲಾಸಿನ 619 ಮಕ್ಕಳ ಮೇಲೆ ಒಂದು ಅಧ್ಯಯನ ಆಗಿತ್ತು, 2019ರಲ್ಲಿ ದೊಡ್ಡ ಅರ್ಥಶಾಸ್ತ್ರದ ಪತ್ರಿಕೇಲಿ ಬಂತು. ಬರೀ ನಾಲ್ಕೂವರೆ ತಿಂಗಳು ಮೈಂಡ್‌ಸ್ಪಾರ್ಕ್ ಅನ್ನೋ ಸಾಫ್ಟ್‌ವೇರಲ್ಲಿ ಕಲಿತ ಮಕ್ಕಳು ಗಣಿತದಲ್ಲೂ ಹಿಂದಿಯಲ್ಲೂ ಉಳಿದವ್ರಿಗಿಂತ ಚೆನ್ನಾಗೇ ಮುಂದೆ ಹೋದ್ರು.

ಕರೂರು_ಹುಡ್ಗಿ
ಅಣ್ಣ ಅದು ನಮಗೂ ಪಾಠದಲ್ಲಿ ಬಂದಿತ್ತು, ಪೂರ್ತಿ ಹೇಳಿ. ಆ ಸಾಫ್ಟ್‌ವೇರ್ ಮೊದ್ಲು ಪರೀಕ್ಷೆ ಮಾಡಿ ಈ ಮಗುಗೆ ನಿಜಕ್ಕೂ ಎಷ್ಟು ಬರುತ್ತೆ ಅಂತ ನೋಡುತ್ತೆ. ಎಂಟನೇ ಕ್ಲಾಸಿನ ಹುಡುಗಂಗೆ ನಾಲ್ಕನೇ ಕ್ಲಾಸಿನ ಭಾಗಾಕಾರ ಬರ್ದಿದ್ರೆ ಅಲ್ಲಿಂದ್ಲೇ ಶುರು. ದಿನಕ್ಕೆ ಒಂದೂವರೆ ಗಂಟೆ, ಅದರಲ್ಲಿ ಅರ್ಧ ಕಂಪ್ಯೂಟರು, ಉಳಿದರ್ಧ ಹತ್ತು ಹದಿನೈದು ಮಕ್ಕಳ ಗುಂಪು ಮಾಡಿ ಒಬ್ರು ಮನುಷ್ಯರೇ ಕೂತು ಹೇಳ್ಕೊಡೋದು.

ಪೆರು ದೇಶದ್ದೂ ನೋಡಿ. ಅಲ್ಲಿ ಸರ್ಕಾರ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚ್ತು, ಹಳ್ಳಿಗಳ 319 ಶಾಲೆ ಹಿಡಿದು ನೋಡಿದ್ರು, ಗಣಿತದಲ್ಲೂ ಭಾಷೆಯಲ್ಲೂ ಏನೂ ವ್ಯತ್ಯಾಸ ಕಾಣ್ಲಿಲ್ಲ ಅಂತ 2012ರಲ್ಲಿ ವರದಿ ಬಂತು. ಮಕ್ಕಳು ಲ್ಯಾಪ್‌ಟಾಪ್ ಬಳಸೋದೇನೋ ಕಲ್ತ್ರು. ಯಂತ್ರ ಎರಡೂ ಕಡೆ ಇತ್ತಲ್ಲ.

ಹಳೇ_ಮೇಷ್ಟ್ರು
ಇಷ್ಟು ಹೊತ್ತು ಓದ್ತಾ ಇದ್ದೆ, ಮಗಳು ವಾಯ್ಸ್ ಟೈಪಿಂಗ್ ಹಾಕ್ಕೊಟ್ಟಿದ್ದಾಳೆ, ತಪ್ಪಿದ್ರೆ ಅದರ ಮೇಲೆ ಹಾಕಿ. ನಾನು ನಿವೃತ್ತ ಮುಖ್ಯ ಶಿಕ್ಷಕ. ನನ್ನ ಕಾಲದಲ್ಲೇ ಎಷ್ಟು ಬಂತು ಎಷ್ಟು ಹೋಯ್ತು ಹೇಳ್ತೇನೆ. ಒಂದು ರೇಡಿಯೋ. ಕೇಳಿ ಕಲಿ, ಚುಕ್ಕಿ ಚಿಣ್ಣ ಅಂತ ಕಾರ್ಯಕ್ರಮ, ಪಾಠದ ಮಧ್ಯೆ ಈಗ ಎದ್ದು ನಿಲ್ಲಿ, ಈಗ ಕೈ ಎತ್ತಿ ಅಂತ ರೇಡಿಯೋ ಹೇಳಿದ್ರೆ ಮಕ್ಕಳು ಎದ್ದು ನಿಲ್ಲುತ್ತಿದ್ದವು. ಸೆಲ್ಲಿಗೆ ಬಿಟ್ಟರೆ ಖರ್ಚಿಲ್ಲ, ಸಿಡಿಲಿನ ಭಯ ಇಲ್ಲ. ಇನ್ನು 2004ರ ಸೆಪ್ಟೆಂಬರಿನಲ್ಲಿ ಇಸ್ರೋದವರು ಶಿಕ್ಷಣಕ್ಕೇ ಅಂತ ಎಜುಸ್ಯಾಟ್ ಉಪಗ್ರಹ ಹಾರಿಸಿದರು, ಚಾಮರಾಜನಗರದ ಶಾಲೆಗಳಿಗೆ ಡಿಶ್ಶು ಟೀವಿ ಬಂತು. ಪ್ರತಿ ಸಲವೂ ಇನ್ನು ಮೇಷ್ಟ್ರ ಕೆಲಸ ಮುಗಿಯಿತು ಅಂತ ಯಾರಾದರೂ ಒಬ್ಬರು ಭಾಷಣ ಮಾಡುತ್ತಿದ್ದರು. ಆ ಭಾಷಣಕ್ಕೆ ಕುರ್ಚಿ ಜೋಡಿಸುತ್ತಿದ್ದುದು ನಾವೇ ಮೇಷ್ಟ್ರುಗಳು.

ಈಗ ನಮ್ಮ ಕರೂರು ಹುಡುಗಿ ಹೇಳಿದ್ದಕ್ಕೆ ಬರ್ತೇನೆ. ಆ ದೆಹಲಿ ಸಾಫ್ಟ್‌ವೇರ್ ಮಾಡಿದ್ದು ಏನು, ಮಗು ಎಲ್ಲಿದೆಯೋ ಅಲ್ಲಿಂದ ಕೈ ಹಿಡಿಯೋದು. ಅದನ್ನೇ ಅಲ್ಲವೇ ನಲಿ-ಕಲಿ ಹೇಳಿದ್ದು? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು. ರಟ್ಟಿನ ಕಾರ್ಡು. ಗೋಡೆ ಮೇಲೆ ಕಲಿಕಾ ಏಣಿ, ಮಗು ತನ್ನ ಮೆಟ್ಟಿಲು ತಾನೇ ನೋಡಿ ಕಾರ್ಡ್ ತಗೊಂಡು ತನ್ನ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತೆ. ಒಂದು ತಟ್ಟೇಲಿ ಮೇಷ್ಟ್ರು ಪೂರ್ತಿ ಜೊತೇಲಿ, ಒಂದರಲ್ಲಿ ಗೆಳೆಯರೇ ಹೇಳಿಕೊಡೋದು, ಒಂದರಲ್ಲಿ ತಾನೇ. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಂದೇ ಕೋಣೇಲಿ. ಮೂರು ದಿನ ಜ್ವರ ಬಂದು ಮಲಗಿದ ಮಗು ನಾಲ್ಕನೇ ದಿನ ಬಂದು ತಾನು ಬಿಟ್ಟ ಮೆಟ್ಟಿಲಿಂದಲೇ ಹತ್ತುತ್ತಿತ್ತು. ಕಾರ್ಡು ಹರಿದು ಹೋದರೆ ಹೊಸದು ಬರಲ್ಲ, ತರಬೇತಿ ಆದ ಮೇಷ್ಟ್ರು ವರ್ಗ ಆಗಿ ಹೋದರೆ ಹೊಸಬರಿಗೆ ಏಣಿ ಅರ್ಥ ಆಗಲ್ಲ, ಹಾಗೆ ಎಷ್ಟೋ ಕಡೆ ಸೊರಗಿತು.

ಅದಕ್ಕೆ ನನ್ನ ಪ್ರಶ್ನೆ, 65 ಇಂಚಿನ ಬೋರ್ಡು 31 ಮಕ್ಕಳಿಗೂ ಒಂದೇ ಚಿತ್ರ ತೋರಿಸುತ್ತೆ. ಏಳು ತರಗತಿ ಇದೆ. ಒಂದನೇ ಕ್ಲಾಸಿನ ಮಗುಗೆ ಹೃದಯದ ಕವಾಟ ಯಾಕೆ?

ಬೆಂಗ್ಳೂರ್_ಮಲ್ನಾಡಿಗ
ಮೇಷ್ಟ್ರೇ ನಮಸ್ಕಾರ. ಇದಕ್ಕೆ ನನ್ನ ಹತ್ರ ಉತ್ರ ಇಲ್ಲ 🙏 ಹಂಗಾದ್ರೆ ಬೋರ್ಡ್ ಬದ್ಲು ಏನು ತಗೋಬೇಕು ನೀವೇ ಹೇಳಿ.

ಅಡಿಕೆ_ರೇಟ್
ಯಾರಿಗಾದ್ರೂ ಗೊತ್ತಾ ಇವತ್ತು ಶಿವಮೊಗ್ಗ ಮಂಡೀಲಿ ರಾಶಿ ಅಡಿಕೆ ರೇಟ್ ಎಷ್ಟು?

ಇಂಬಳ
ಅಣ್ಣ ಇದು ಶಾಲೆ ವಿಷ್ಯ.

ಅಡಿಕೆ_ರೇಟ್
ಶಾಲೆಗೆ ದುಡ್ಡು ಬಂದಿದ್ದು ಎಲ್ಲಿಂದ ಮಾರಾಯ, ಅಡಿಕೆಯಿಂದ್ಲೇ ಅಲ್ವ.

ಕರೂರು_ಹುಡ್ಗಿ
ಮೇಷ್ಟ್ರ ಮಾತಿಗೆ ಸೇರಿಸಿ ಒಂದು ಹೇಳ್ಲಾ. ಈಗ ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್ ಇದೆ, ದೀಕ್ಷಾ ಆ್ಯಪಲ್ಲಿ ಸ್ಕ್ಯಾನ್ ಮಾಡಿದ್ರೆ ಆ ಪಾಠದ ವಿಡಿಯೋ ಪ್ರಶ್ನೆ ಎಲ್ಲಾ ಬರುತ್ತೆ. ಶಾಲೇಲಿ ನೆಟ್ ಇಲ್ದಿದ್ರೆ ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡ್ಕಂಡು ಬರ್ಬಹುದು, ಆಮೇಲೆ ನೆಟ್ ಇಲ್ದೇನೂ ಓಡುತ್ತೆ. ಪ್ರಾಕ್ಟೀಸ್ ಟೀಚಿಂಗ್‌ಗೆ ಹೋದ ಶಾಲೇಲಿ ನಾನು ಹಂಗೇ ಮಾಡಿದ್ದು, ಭಾನುವಾರ ಸಾಗರದಲ್ಲಿ ತುಂಬ್ಕಳೋದು, ವಾರಪೂರ್ತಿ ಬಳಸೋದು. ಒಂದು ದೊಡ್ಡ ಬೋರ್ಡ್ ಬದ್ಲು ನಾಲ್ಕೈದು ಟ್ಯಾಬ್ ಇದ್ರೆ ಒಂದೊಂದು ಗುಂಪಿಗೆ ಒಂದೊಂದು ಕೊಡ್ಬಹುದು. ಐದನೇ ಕ್ಲಾಸಿಗೆ ಮೇಷ್ಟ್ರು ಪಾಠ ಮಾಡುವಾಗ ಆರರವ್ರು ಭಿನ್ನರಾಶಿ ಅಭ್ಯಾಸ ಮಾಡ್ಲಿ, ನಾಲ್ಕರವ್ರು ಕಥೆ ಕೇಳ್ಲಿ. ಬೋರ್ಡಲ್ಲಿ ಇದು ಆಗಲ್ಲ.

ಕೊಪ್ಪದ_ಸೊಸೆ
ಟ್ಯಾಬ್ ಮನೆಗೆ ಕಳಿಸ್ಬೇಡಿ ದಯವಿಟ್ಟು. ಶಾಲೇಲೇ ಇರ್ಲಿ. ಕೈ ಮುಗೀತೀನಿ.

ಟೀಚರಕ್ಕ
ಕೊಪ್ಪದವ್ರ ಮಾತು ಸರಿ. ಮನೇಲಿ ಫೋನ್ ಇದೆ ಅಂದ್ರೆ ಮಗುಗೆ ಸಿಗುತ್ತೆ ಅಂತಲೂ ಅಲ್ಲ. ಹಳ್ಳಿ ಮಕ್ಕಳ ಕಲಿಕೆ ಸಮೀಕ್ಷೆ ಅಸರ್ ವರದೀಲೇ ಇತ್ತು, ದೇಶದ ಹಳ್ಳಿ ಕಡೆ ಶಾಲೆ ಮಕ್ಕಳ ಮನೇಲಿ ಸ್ಮಾರ್ಟ್‌ಫೋನ್ 2018ರಲ್ಲಿ ನೂರಕ್ಕೆ 36.5 ಇದ್ದಿದ್ದು 2021ಕ್ಕೆ 67.6 ಆಯ್ತು, ಆದ್ರೂ ಫೋನಿರೋ ಮನೆ ಮಕ್ಕಳಲ್ಲಿ ನಾಲ್ಕರಲ್ಲೊಂದು ಭಾಗಕ್ಕೆ ಅದು ಕೈಗೇ ಸಿಗ್ತಿರ್ಲಿಲ್ಲ. ನಮ್ಮಲ್ಲಿ ಅಪ್ಪ ಅಡಿಕೆ ಕೊನೆ ತೆಗೆಯೋಕೆ ಹೋದ್ರೆ ಫೋನೂ ಜೊತೆಗೆ ಹೋಗುತ್ತೆ, ಬರೋದು ಕತ್ತಲಾದ್ಮೇಲೆ. ಒಂದು ಮನೇಲಿ ಫೋನೇ ಸಿಗಲ್ಲ, ಇನ್ನೊಂದು ಮನೇಲಿ ಕೈಯಿಂದ ಇಳಿಯಲ್ಲ, ಎರಡೂ ಮಕ್ಕಳು ನನ್ನ ಕ್ಲಾಸಲ್ಲಿ ಒಂದೇ ಬೆಂಚಲ್ಲಿ ಕೂತಿರ್ತಾರೆ.

ವೈರ್‌ಮನ್_ಕೆಲ್ಸ
ಟ್ಯಾಬ್ ಆದ್ರೆ ಇನ್ನೂ ಒಳ್ಳೇದು, ಕರೆಂಟ್ ಇದ್ದಾಗ ಚಾರ್ಜ್ ಮಾಡಿ ಬೀರು ಒಳಗೆ ಇಟ್ರಾಯ್ತು. ಬೀರೂಗೆ ಒಂದು ಸಣ್ಣ ಬಲ್ಬ್ ಹಾಕಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯಲ್ಲ. ಪ್ರೊಜೆಕ್ಟರ್ ಲೆನ್ಸಿಗೆ ಬೂಷ್ಟು ಹಿಡಿದಿದ್ದು ನಾನೇ ನೋಡಿದೀನಿ, ಹುಲಿಕಲ್ ಘಾಟಿ ಮಂಜು ಗೋಡೆ ಮೇಲೆ ಬಿಟ್ಟಂಗೆ ಕಾಣ್ತಿತ್ತು.

ತೋಟದಮನೆ
ಎಲ್ರಿಗೂ ಧನ್ಯವಾದ. ಎರಡು ವಾರ ಆತು, ಅಪ್‌ಡೇಟ್ ಕೊಡ್ತೀನಿ.

ಮೊದಲು ಮೂರನೇ ಪಿನ್. ವೈರ್‌ಮನ್ ಹೇಳ್ದಂಗೇ ಸಾಕೆಟ್ ಬಿಚ್ಚಿ ನೋಡಿದ್ರೆ ವೈರೇ ಇಲ್ಲ. ಅದೇ ಸಾಕೆಟ್ಟಿಗೆ ಅವತ್ತು ಡೆಮೋ ಬೋರ್ಡ್ ಹಾಕಿದ್ದು.

ಆಮೇಲೆ ಮೀಟಿಂಗ್ ಮಾಡಿದ್ವಿ, ಸುಮಾರು ಜಗಳಾನೂ ಆತು. ಈ ಥ್ರೆಡ್ ನಾನೇ ಗಟ್ಟಿಯಾಗಿ ಓದಿ ಹೇಳ್ದೆ, ಚೆನ್ನಮ್ಮನ ಕಥೆಗೆ ಎಲ್ರೂ ನಕ್ರು, ಕೆಳದಿ ಅರಸರದ್ದೇ ಆದ ನಗರ ಕೋಟೆ ಪಕ್ಕದಲ್ಲೇ ಇರೋ ನಮ್ಗೂ ಎಷ್ಟು ಗೊತ್ತು ಅಂತ ಒಬ್ರು ಕೇಳಿದ್ಮೇಲೆ ನಗು ನಿಲ್ತು. ನಮ್ಮ ಟೀಚರ್ ಇಬ್ರನ್ನೂ ಕೂರ್ಸಿ ನಿಮ್ಗೆ ಏನು ಬೇಕು ಅಂತ ಕೇಳಿದ್ವಿ. ನಾಚಿಕೆ ಆಗುತ್ತೆ ಹೇಳೋಕೆ, ಅಲ್ಲಿ ತನಕ ಅವ್ರನ್ನ ಯಾರೂ ಕೇಳಿರ್ಲಿಲ್ಲ. ಹೆಡ್ ಮಿಸ್ ಹೇಳಿದ್ದು ಇಷ್ಟೇ, ಬೆಳಿಗ್ಗೆ ಎಂಟ್ರಿ ಮಾಡೋಕೆ ಯಾರಾದ್ರೂ ಓದಿದ ಹುಡುಗ್ರು ಒಂದು ಗಂಟೆ ಬಂದ್ರೆ ನಂಗೆ ಒಂದು ಪೀರಿಯಡ್ ಉಳಿಯುತ್ತೆ ಅಂತ. ಪಾಸ್‌ವರ್ಡು ಓಟಿಪಿ ಎಲ್ಲಾ ಹೊರಗಿನವ್ರ ಕೈಗೆ ಕೊಡಂಗಿಲ್ಲ, ಅದು ಆಗಲ್ಲ ಅಂತಾತು. ಆದ್ರೆ ಊಟದ ಲೆಕ್ಕ, ಹಾಲು, ಮೊಟ್ಟೆ ಎಣಿಸಿ ಚೀಟೀಲಿ ಬರೆದಿಡೋಕೆ ಡಿಗ್ರಿ ಮುಗ್ಸಿ ಮನೇಲಿರೋ ಒಬ್ಳು ಹುಡುಗಿ ಒಪ್ಕಂಡಿದಾಳೆ, ತಿಂಗಳಿಗೆ 3 ಸಾವಿರ, ಹತ್ತು ತಿಂಗಳಿಗೆ 30 ಸಾವಿರ ತೆಗೆದಿಟ್ವಿ.

ಟ್ಯಾಬ್ ಐದು, 60 ಸಾವಿರ. ಶಾಲೇಲೇ ಇರ್ತವೆ ಕೊಪ್ಪದ ಅಕ್ಕ, ಬೀರು ಬಲ್ಬು ಎಲ್ಲಾ ಇದೆ. ಹಳೇ ಟಿವಿ ಒಂದನ್ನ ಬೆಂಗ್ಳೂರವ್ರೇ ಕಳಿಸ್ತಾರಂತೆ, ಪೆನ್‌ಡ್ರೈವ್ ಹಾಕಿ ನೋಡೋಕೆ ಸಾಕು. ಹಂಚು ಕೈಯಾಡ್ಸೋಕೆ 40 ಸಾವಿರ, ವೈರಿಂಗ್‌ಗೆ 20. ಉಳಿದ 30 ಬ್ಯಾಂಕಲ್ಲಿ, ರಿಪೇರಿಗೆ ಅಂತ್ಲೇ. ಆ ರಿಪೇರಿ ದುಡ್ಡು ಇಡಿ ಅಂದಿದ್ದು ನಮ್ಮ ಅತಿಥಿ ಶಿಕ್ಷಕಿ, ಅವ್ರು ಮೊದ್ಲಿದ್ದ ಶಾಲೇಲಿ 400 ರೂಪಾಯಿ ಅಡಾಪ್ಟರ್ ಹೋಗಿ ಕಂಪ್ಯೂಟರ್ ಎರಡು ವರ್ಷ ಮೂಲೇಲಿ ಕೂತಿತ್ತಂತೆ.

ಡೀಲರ್ ಫೋನ್ ಮಾಡ್ತಾನೇ ಇದಾರೆ, ನಾನು ಎತ್ತುತ್ತಾ ಇಲ್ಲ.

ಹಳೇ_ಮೇಷ್ಟ್ರು
ಟ್ಯಾಬ್ ಬಂದ ಮೇಲೆ ಆ ಬೀರು ಹಿಂದೆ ಹುಡುಕಿ, ಹಳೇ ನಲಿ-ಕಲಿ ಕಾರ್ಡು ಕಟ್ಟು ಕಟ್ಟಿ ಇಟ್ಟಿರುತ್ತಾರೆ. ಗೆದ್ದಲು ತಿಂದಿಲ್ಲದಿದ್ದರೆ ಬಿಸಿಲಿಗೆ ಹಾಕಿ.

ವೈರ್‌ಮನ್_ಕೆಲ್ಸ
ಭಾನುವಾರ ಬೆಳಿಗ್ಗೆ ಬರ್ತೀನಿ, ನನ್ನ ಕೂಲಿ ಬ್ಯಾಡ, ಸಾಮಾನಿಂದ್ ಕೊಡಿ ಸಾಕು. ಎಂಟಡಿ ಗುಂಡಿ ತೋಡ್ಬೇಕು, ಜಂಬಿಟ್ಟಿಗೆ ಸಿಕ್ಕೇ ಸಿಗುತ್ತೆ, ಹಾರೆ ಹಿಡಿಯೋರು ನಾಲ್ಕು ಜನ ಬೇಕು. ಒಂದು ಪದರ ಇದ್ದಲು ಒಂದು ಪದರ ಉಪ್ಪು ಹಾಕ್ಬೇಕು, ಉಪ್ಪು ನಾನು ತರ್ತೀನಿ. ಇದ್ದಲು ಎರಡು ಚೀಲ ಯಾರ ಮನೇಲಿದೆ?

ಅಡಿಕೆ_ರೇಟ್
ನಮ್ಮನೇಲಿದೆ, ಅಡಿಕೆ ಬೇಯ್ಸಿದ ಒಲೇದು. ಮೂರು ಚೀಲ ಆಗುತ್ತೆ, ಪಿಕಪ್ಪಲ್ಲಿ ಹಾಕ್ಕೊಂಡು ಬರ್ತೀನಿ.